ನಾರ್ಮಲ್ ಅಕ್ಕ

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಲ್ಯಾಬಿನ ಮುಖ್ಯಸ್ಥೆಯಿಂದ ಹಿಡಿದು ನೆಲ ಒರೆಸುವವನವರೆಗೆ ಎಲ್ಲರ ಬಾಯಲ್ಲೂ ಅವಳು ‘ನಾರ್ಮಲ್ ಅಕ್ಕ’. ಹೊಸದಾಗಿ ಸೇರಿದವರು ಮೊದಲ ದಿನ ಈ ಹೆಸರು ಕೇಳಿ, ಹಾಗಾದರೆ ಮಿಕ್ಕವರೆಲ್ಲ ಏನು ಎಂದು ಒಮ್ಮೆ ಸುತ್ತ ಕಣ್ಣಾಡಿಸುತ್ತಿದ್ದರು.

ಅವಳ ಕೆಲಸ ಹೋಳು ಮಾಡುವುದು. ಮೇಲಿನ ವಾರ್ಡುಗಳಿಂದ ಬೆರಳ ತುದಿಯಷ್ಟು ಸ್ನಾಯುವಿನ ತುಂಡು ಬರುತ್ತದೆ. ಅದನ್ನು ಹೆಪ್ಪುಗಟ್ಟಿಸಿ ಕಲ್ಲು ಮಾಡಿ, ಫ್ರಿಜ್ಜಿಗಿಂತ ತಣ್ಣಗಿರುವ ಒಂದು ಯಂತ್ರದೊಳಗೆ ಕೂರಿಸಿ ಹಿಡಿ ತಿರುಗಿಸಿದರೆ ಬ್ಲೇಡಿನ ಮೇಲೆ ಒಂದೊಂದೇ ಹೋಳು ಜಾರಿ ಬರುತ್ತದೆ. ಒಂದು ಕೂದಲನ್ನು ಉದ್ದಕ್ಕೆ ಎಂಟು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟೇ ದಪ್ಪ. ಅದು ಸುರುಳಿ ಸುತ್ತಿಕೊಳ್ಳುವ ಮೊದಲೇ ಬ್ರಷ್ಷಿನ ತುದಿಯಿಂದ ಹಿಡಿದು ಗಾಜಿನ ಸ್ಲೈಡಿಗೆ ಅಂಟಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ಉಸಿರು ಬಿಡಬಾರದು. ಬಿಟ್ಟರೆ ಹೋಳು ಎಲ್ಲಿಗೆ ಹಾರಿತೋ ದೇವರೇ ಬಲ್ಲ. ಸೇರಿದ ಮೊದಲ ಆರು ತಿಂಗಳು ಅವಳು ಎಷ್ಟು ಹೋಳು ಹಾರಿಸಿದ್ದಳೆಂದರೆ, ಯಂತ್ರದ ತಳ ಗುಡಿಸಿದವರು “ಇಲ್ಲಿ ಯಾರಾದ್ರೂ ಕ್ಷೌರ ಮಾಡಿಸ್ಕೊಂಡ್ರಾ?” ಎಂದು ಕೇಳಿದ್ದರು. ಆಮೇಲೆ ಕೈ ಕುದುರಿತು. ಎಷ್ಟು ಕುದುರಿತೆಂದರೆ, ಬೇರೆ ಊರಿನ ಆಸ್ಪತ್ರೆಗಳೂ ತಮ್ಮ ತುಂಡುಗಳನ್ನು ಅವಳ ಕೈಗೇ ಕಳಿಸತೊಡಗಿದವು.

ಹೆಸರು ಬಂದದ್ದು ಅವಳಿಗೆ ಮೂವತ್ತೈದು ನಡೆಯುತ್ತಿದ್ದಾಗ. ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಡಾಕ್ಟರ್ ಎನ್ನುತ್ತಿದ್ದರು. ಎತ್ತರ ಐದಡಿಗೂ ಕಡಿಮೆ. ದೊಡ್ಡದು ಎಂದರೆ ದನಿ ಮಾತ್ರ. ಒಂದು ಬೆಳಿಗ್ಗೆ ಅವರು ಎಲ್ಲರನ್ನೂ ಕೂಡಿಸಿ ಹೇಳಿದರು.

“ರೋಗಿಯ ಹೋಳಿನ ಪಕ್ಕದಲ್ಲಿ ಚೆನ್ನಾಗಿರೋರ ಹೋಳು ಒಂದು ಇರಲೇಬೇಕು. ಎರಡಕ್ಕೂ ಒಟ್ಟಿಗೆ ಬಣ್ಣ ಹಾಕಬೇಕು. ಇಲ್ಲದಿದ್ರೆ, ಬಣ್ಣ ಬರದೇ ಇದ್ದಾಗ ತಪ್ಪು ರೋಗಿಯದೋ ನಮ್ಮದೋ ಅಂತ ಗೊತ್ತಾಗೋದು ಹೇಗೆ? ಯಾರಾದ್ರೂ ತೊಡೆಯಿಂದ ಒಂದು ಚೂರು ಕೊಡ್ತೀರಾ?”

ಇದ್ದಕ್ಕಿದ್ದಂತೆ ಎಲ್ಲರಿಗೂ ಕೆಲಸ ನೆನಪಾಯಿತು. ಒಬ್ಬನಿಗೆ ಫೋನ್ ಬಂತು, ಅದು ರಿಂಗೇ ಆಗಿರಲಿಲ್ಲ. ಇನ್ನೊಬ್ಬ ಬಾಗಿ ಶೂ ಲೇಸು ಕಟ್ಟತೊಡಗಿದ, ಕಾಲಲ್ಲಿದ್ದದ್ದು ಚಪ್ಪಲಿ. ಕೊನೆಗೆ ಅವಳೇ ಬಾಯಿಬಿಟ್ಟಳು.

“ಎಷ್ಟು ಬೇಕು ಮೇಡಂ?”

“ಬಟಾಣಿ ಕಾಳಿನಷ್ಟು. ನಾಲ್ಕೈದು ಕಾಳು.”

“ತಗೊಳ್ಳಿ. ನನ್ನ ಹತ್ರ ಬೇಕಾದಷ್ಟಿದೆ.”

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಣ್ಣದಾಗಿ ಕೊಯ್ದು, ಮೂರು ಹೊಲಿಗೆ ಹಾಕಿ ಕಳಿಸಿದರು. ನಾಲ್ಕು ದಿನ ಕುಂಟಿಕೊಂಡು ಓಡಾಡಿದಳು. ತುಂಡುಗಳು ಕೊಳವೆಯೊಳಗೆ ಸೇರಿ, ಕೊಳವೆ ಆಳದ ಫ್ರೀಜರಿಗೆ ಸೇರಿ, ಅದರ ಮೇಲೊಂದು ಚೀಟಿ ಬಿತ್ತು: ‘ನಾರ್ಮಲ್’. ಹೆಸರು ಅಂಟಿದ್ದು ಹೀಗೆ.

ಮನೆಯಲ್ಲಿ ಅತ್ತೆಗೆ ವಿಷಯ ತಿಳಿದಾಗ ಅವರು ಹಣೆ ಚಚ್ಚಿಕೊಂಡರು. ಟೈಪಿಂಗ್ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು, ಬೆರಳಷ್ಟೇ ಚುರುಕು ಬಾಯಿ.

“ಜನ ಆಫೀಸಿಂದ ಪೆನ್ನು, ಪೇಪರು ಮನೆಗೆ ತರ್ತಾರೆ. ನನ್ನ ಸೊಸೆ ಮನೆಯಿಂದ ತೊಡೆ ತಗೊಂಡ್ಹೋಗಿ ಆಫೀಸಿಗೆ ಕೊಟ್ಟು ಬಂದಿದ್ದಾಳೆ!” ಎಂದು ಮಗನಿಗೆ ದೂರು ಹೇಳಿದರು. ಚೀಟಿಯ ವಿಷಯ ಕೇಳಿದ ಮೇಲಂತೂ, “ನಾರ್ಮಲ್ ಅಂತೆ! ಒಂದು ದಿನ ಮನೇಲಿ ಬಂದು ನೋಡಿ ಅಂತ ಹೇಳು ಅವರಿಗೆ,” ಎಂದರು. ಲಿಫ್ಟ್ ರಿಪೇರಿ ಮಾಡುವ ಮಗ ಇಬ್ಬರ ನಡುವೆ ಸಿಕ್ಕಿಕೊಳ್ಳದೆ ಟೀ ಕುಡಿಯುವುದರಲ್ಲಿ ಜಾಣ, ಅಂದೂ ಕುಡಿದ.

ಅವಳು ನೋಡುತ್ತಿದ್ದದ್ದು ಮುಖ್ಯವಾಗಿ ಒಂದು ಕಿಣ್ವವನ್ನು. ಅದು ಏನೆಂದು ದೊಡ್ಡ ಡಾಕ್ಟರ್ ಅವಳಿಗೆ ಹೇಳಿಕೊಟ್ಟದ್ದು ಪ್ರಶ್ನೆ ಕೇಳಿ ಕೇಳಿ.

“ನೀನು ಎಳೆದ ಉಸಿರು ಎಲ್ಲಿಗೆ ಹೋಗುತ್ತೆ?”

“ಶ್ವಾಸಕೋಶಕ್ಕೆ.”

“ಆಮೇಲೆ?”

“ರಕ್ತಕ್ಕೆ.”

“ಆಮೇಲೆ?”

ಅವಳು ತಲೆ ಕೆರೆದುಕೊಂಡಳು.

“ಕೊನೆಗೆ ಇದರ ಹತ್ರ ಬರುತ್ತೆ,” ಎಂದು ದೊಡ್ಡ ಡಾಕ್ಟರ್ ಸ್ಲೈಡಿನ ಮೇಲಿನ ಕಂದು ಬಣ್ಣದ ಮೇಲೆ ಬೆರಳಿಟ್ಟರು. ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳು ನೂರಾರು ಇವೆ. ಅವುಗಳ ಒಳಗೋಡೆಯಲ್ಲಿ ಕಿಣ್ವಗಳು ಸಾಲಾಗಿ ನಿಂತಿವೆ. ಊಟದಿಂದ ಬಂದ ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದರೆ, ಸಾಲಿನ ನಾಲ್ಕನೆಯದು ಅವನ್ನು ಉಸಿರಿನ ಆಮ್ಲಜನಕಕ್ಕೆ ಒಪ್ಪಿಸುತ್ತದೆ. ದೇಹಕ್ಕೆ ಬೇಕಾದ ಕಸುವು ಹುಟ್ಟುವುದು ಈ ಕೊಡು-ಕೊಳ್ಳುವಿಕೆಯಿಂದಲೇ. ನಾಲ್ಕನೆಯದರ ಹೆಸರು ಸೈಟೋಕ್ರೋಮ್ ಆಕ್ಸಿಡೇಸ್. ಅದು ಕೆಲಸ ಮಾಡುತ್ತಿದ್ದಲ್ಲಿ ಹೋಳು ಕಂದಾಗುತ್ತದೆ; ಮಾಡದಿದ್ದಲ್ಲಿ ಬಿಳಿಚಿಕೊಂಡು ಕೂರುತ್ತದೆ. ಮೈಯಲ್ಲಿ ಮೆದುಳಿನಷ್ಟು ಹೊಟ್ಟೆಬಾಕ ಇನ್ನೊಂದಿಲ್ಲ, ಆದ್ದರಿಂದ ಈ ಕಿಣ್ವ ಸೋತರೆ ಮೊದಲು ಉಪವಾಸ ಬೀಳುವುದು ನರಕೋಶಗಳು. ಅಂಥ ಮಕ್ಕಳು ಕಲಿತ ನಡಿಗೆಯನ್ನೂ ಕಲಿತ ಮಾತನ್ನೂ ಒಂದೊಂದಾಗಿ ಕಳೆದುಕೊಳ್ಳುತ್ತಾರೆ.

ಅವಳು ಆ ಮಕ್ಕಳನ್ನು ಕಂಡವಳಲ್ಲ. ಅವಳಿಗೆ ಸಿಗುತ್ತಿದ್ದದ್ದು ತುಂಡು ಮತ್ತು ಒಂದು ಚೀಟಿ: ವಯಸ್ಸು, ಗಂಡೋ ಹೆಣ್ಣೋ, ಎರಡು ಸಾಲು ಲಕ್ಷಣ. ಬಿಳಿಚಿದ ಹೋಳು ಬಂದ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಸುಮ್ಮನೆ ಕೂರುತ್ತಿದ್ದಳು. ಬೇರೆ ದಿನ ಕಂಡಕ್ಟರ್ ಜೊತೆ ಸಹಿತ ಹರಟುವವಳು.

ಅತ್ತೆಯ ಬಲಗೈ ಹೆಬ್ಬೆರಳು ತಾನಾಗಿ ಆಡತೊಡಗಿದ್ದು ಸೊಸೆ ತೊಡೆ ಕೊಟ್ಟ ಹತ್ತು-ಹನ್ನೆರಡು ವರ್ಷಕ್ಕೆ. ಯಾರಿಗೋ ಕಾಗದ ಟೈಪ್ ಮಾಡುತ್ತಿದ್ದಂತೆ ಮೇಜಿನ ಮೇಲೆ ಬೆರಳು ಕುಣಿಯುತ್ತಿತ್ತು. ಆಮೇಲೆ ಗದ್ದವೂ ಅದುರತೊಡಗಿತು. ನರರೋಗದ ಡಾಕ್ಟರ್ ನೋಡಿ ಪಾರ್ಕಿನ್ಸನ್ ಎಂದರು, ಮಾತ್ರೆ ಕೊಟ್ಟರು. ಅಂದು ಸಂಜೆ ಅತ್ತೆ ಸೊಸೆಯನ್ನು ಅಡುಗೆಮನೆಯಲ್ಲಿ ಅಡ್ಡಗಟ್ಟಿದರು.

“ಇದೂ ನಿನ್ನ ಕಿಣ್ವದ ಕಿತಾಪತಿಯೇನೇ?”

“ಆ ಸಾಲಿಂದೇ ಅತ್ತೆ. ಆದ್ರೆ ನಿಮ್ಮ ಕಾಯಿಲೇಲಿ ಸೋತು ಕಾಣೋದು ಸಾಲಿನ ಮೊದಲನೇದು. ಅದರಿಂದಲೇ ಕಾಯಿಲೆ ಬರುತ್ತೋ, ಕಾಯಿಲೆ ಬಂದದ್ದರಿಂದ ಅದು ಸೋಲುತ್ತೋ ಅಂತ ದೊಡ್ಡ ದೊಡ್ಡೋರು ಇನ್ನೂ ವಾದ ಮಾಡ್ತಿದ್ದಾರೆ. ನಾನು ನೋಡೋದು ನಾಲ್ಕನೇದು.”

“ಮೊದಲನೇದು ಕೈಕೊಟ್ಟಿದೆ, ನೀನು ನಾಲ್ಕನೇದು ಕಾಯ್ತಾ ಕೂತಿದ್ದೀಯ! ಮನೆಗೆ ಉಪಯೋಗ ಇಲ್ಲ ಅನ್ನು.”

“ನಾಲ್ಕನೇದು ನಿಮ್ಮದು ಗಟ್ಟಿಮುಟ್ಟಾಗಿರಬೇಕು ಬಿಡಿ. ಅದಕ್ಕೇ ಬಾಯಿ ಇನ್ನೂ ಇಷ್ಟು ಓಡ್ತಿದೆ.”

ಅತ್ತೆ ನಕ್ಕರು. ನಗುವಾಗ ಗದ್ದದ ಅದುರು ಕಾಣುತ್ತಿರಲಿಲ್ಲ. ಬರಬರುತ್ತ, ನಡೆಯುವಾಗ ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದರು. ಅಡ್ಡಗೆರೆ ಇದ್ದರೆ ದಾಟುವುದು ಸುಲಭ ಎಂದು ಡಾಕ್ಟರ್ ಹೇಳಿದ್ದರಿಂದ ಮಗ ಮನೆ ತುಂಬ ಹಳದಿ ಟೇಪು ಅಂಟಿಸಿದ. ಅತ್ತೆ ಅದನ್ನು ದಾಟುತ್ತಾ ಒಂದು, ಎರಡು ಎಂದು ಎಣಿಸಿಕೊಂಡು ಕವಾಯತು ಮಾಡುವವರಂತೆ ಓಡಾಡುತ್ತಿದ್ದರು.

ಅವಳಿಗೆ ಐವತ್ತೊಂದಾದ ವರ್ಷ ಲ್ಯಾಬಿಗೆ ಒಬ್ಬ ಹೊಸ ಡಾಕ್ಟರ್ ಬಂದ. ಓದಿನಲ್ಲಿ ಗಟ್ಟಿಗ, ಒಳ್ಳೆಯವ, ಅವಸರ ಒಂದು ಹೆಚ್ಚು. ಆ ತಿಂಗಳು ಅತ್ತೆಯ ಕಣ್ಣಿನ ಪೊರೆ ತೆಗೆಸಲು ಅವಳು ಎರಡು ದಿನ ರಜೆ ಹಾಕಿದಳು. ಮೂರನೆಯ ದಿನ ಮಧ್ಯಾಹ್ನ ಬಂದಾಗ ಹೊಸ ಡಾಕ್ಟರ್ ಸೂಕ್ಷ್ಮದರ್ಶಕದ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ.

“ಆರು ವರ್ಷದ ಹುಡುಗಿ ಅಕ್ಕ. ಜ್ವರ ಬಂದು ಹೋದ ಮೇಲೆ ತೂರಾಡ್ತಾಳೆ, ಮಾತು ತೊದಲುತ್ತೆ. ಸ್ಕ್ಯಾನಲ್ಲಿ ಮೆದುಳಿನ ಒಳಗೆ ಎರಡೂ ಕಡೆ ಕಲೆ ಇದೆ. ತುರ್ತು ಅಂದ್ರು, ನೀವಿರಲಿಲ್ಲ, ನಾನೇ ಹೋಳು ಮಾಡಿ ಬಣ್ಣ ಹಾಕ್ದೆ. ಕಿಣ್ವ ಇಲ್ಲವೇ ಇಲ್ಲ ಅನ್ನೋಷ್ಟು ಬಿಳಿ. ರಿಪೋರ್ಟ್ ಬರೆದಿದ್ದೀನಿ, ನಾಲ್ಕು ಗಂಟೆಗೆ ಮೇಲೆ ಕಳಿಸ್ಬೇಕು. ನಾಳೆ ತಾಯಿಗೆ ಹೇಳ್ತಾರಂತೆ.”

ಹೇಳುವುದೇನೆಂದು ಅವಳಿಗೂ ಗೊತ್ತಿತ್ತು. ಇದಕ್ಕೆ ಔಷಧ ಇಲ್ಲ ಎಂದು ಹೇಳುತ್ತಾರೆ.

ಅವಳು ಕೈಚೀಲವನ್ನೂ ಕೆಳಗಿಡದೆ ಬಗ್ಗಿ ನೋಡಿದಳು. ಹುಡುಗಿಯ ಹೋಳು ನಿಜಕ್ಕೂ ಬಿಳಿಚಿತ್ತು. ಪಕ್ಕದ ತನ್ನ ಹೋಳಿಗೆ ಕಣ್ಣು ಸರಿಸಿದವಳು ಅಲ್ಲಿಯೇ ನಿಂತಳು.

“ಡಾಕ್ಟ್ರೇ, ಇದು ನಂದಲ್ಲ.”

“ನಿಮ್ಮದೇ ಅಕ್ಕ. ನಾರ್ಮಲ್ ಕೊಳವೆಯಿಂದ ನಾನೇ ತೆಗೆದೆ. ತಿಳಿಕಂದು ಇದೆಯಲ್ಲ?”

“ಹದಿನಾರು ವರ್ಷದಿಂದ ನನ್ನ ತೊಡೆ ನಾನು ದಿನಾ ನೋಡ್ತಿದ್ದೀನಿ. ಅದು ಇಟ್ಟಿಗೆ ಬಣ್ಣ ಬರಬೇಕು. ಇದು ನೀರು ಹೆಚ್ಚಾದ ಟೀ ಬಣ್ಣ. ನನ್ನದೇ ಅರ್ಧ ಹೋಗಿರೋವಾಗ ಆ ಮಗೂದು ಎಲ್ಲಿ ಬರುತ್ತೆ? ಮಗೂದು ಸ್ನಾಯುವಿನ ಎಳೆ ಸಣ್ಣ, ನೀವು ಕತ್ತರಿಸಿರೋದೂ ತೀರ ತೆಳ್ಳಗೆ.”

ಹೊಸ ಡಾಕ್ಟರ್‌ಗೆ ಮುಖ ಕೆಂಪಾಯಿತು. ತಾನು ಓದಿದ್ದು ಸಾಲದೆ ಹೋಳು ಕತ್ತರಿಸುವವಳಿಂದ ಪಾಠವೇ ಎನ್ನಿಸಿರಬೇಕು. ಆದರೂ ಎದ್ದು ಅವಳೊಂದಿಗೆ ದೊಡ್ಡ ಡಾಕ್ಟರ್ ಕೋಣೆಗೆ ನಡೆದ. ಅವರು ಇಬ್ಬರ ಮಾತನ್ನೂ ಕೇಳಿ, ತಾವೂ ಬಗ್ಗಿ ನೋಡಿ, ಕನ್ನಡಕ ತೆಗೆದರು.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ರಿಪೋರ್ಟ್ ನಾಳೆ ಹೋಗಲಿ. ತೊಡೆಯ ಯಜಮಾನಿಯೇ ಒಪ್ಪದೆ ಇರೋವಾಗ ನಾನು ಸಹಿ ಹಾಕೋದು ಹೇಗೆ?”

ಬಣ್ಣದ ಪುಡಿ ನೋಡಿದರು, ಹೊಸ ಡಬ್ಬ. ದ್ರಾವಣಗಳನ್ನು ಪರೀಕ್ಷಿಸಿದರು, ಸರಿಯಾಗಿದ್ದವು. ಸ್ಲೈಡುಗಳನ್ನು ಒಂದು ಗಂಟೆ ಮೈಶಾಖದಲ್ಲಿ ಇಡುವ ಬೆಚ್ಚನೆಯ ಪೆಟ್ಟಿಗೆ ಗೋಡೆ ಬದಿಯಲ್ಲಿತ್ತು. ಹೊರಗಿನ ಅಂಕಿ ಮೂವತ್ತೇಳು ಎಂದು ತೋರಿಸುತ್ತಿತ್ತು. ಅವಳು ಬಾಗಿಲು ತೆರೆದಳು. ದಿನವೂ ಮುಖಕ್ಕೆ ಬಡಿಯುತ್ತಿದ್ದ ಬಿಸಿ ಅಂದು ಬಡಿಯಲಿಲ್ಲ. ಒಳಗೆ ಕೈಯಿಟ್ಟಳು. ತಟ್ಟೆ ನಲ್ಲಿಯಂತೆ ತಣ್ಣಗಿತ್ತು.

“ಡಾಕ್ಟ್ರೇ, ಕೈ ಇಲ್ಲಿಡಿ.”

ಸಾದಾ ಥರ್ಮಾಮೀಟರ್ ಇಟ್ಟು ನೋಡಿದರೆ ಇಪ್ಪತ್ತೆರಡು. ಅವಳು ರಜೆಯಲ್ಲಿದ್ದಾಗ ಗೋಡೆಗೆ ಬಣ್ಣ ಬಳಿಯಲು ಬಂದವರು ಪೆಟ್ಟಿಗೆಯನ್ನು ಸರಿಸಿದ್ದರು. ಆಗ ಶಾಖ ಅಳೆಯುವ ತಂತಿ ಕಳಚಿ, ಪೆಟ್ಟಿಗೆ ಕಾಯಿಸುವ ಸುರುಳಿಗೇ ತಾಗಿ ಕೂತಿತ್ತು. ತಾನೊಂದು ಬೆಚ್ಚಗಿದ್ದು ಊರೆಲ್ಲ ಬೆಚ್ಚಗಿದೆ ಎಂದು ಅದು ಸಾರುತ್ತಿತ್ತು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಈಗ ಪೆಟ್ಟಿಗೆ ಡೊಂಕು ಅಂದ್ರೆ ಯಾರು ನಂಬ್ತಾರೆ ಅಕ್ಕ?” ಎಂದ ಹೊಸ ಡಾಕ್ಟರ್.

“ನೆಲ ನಿಜವಾಗ್ಲೂ ಡೊಂಕಿದೆಯಲ್ಲ, ಧೈರ್ಯವಾಗಿ ಹೇಳಿ. ಆದ್ರೆ ಇನ್ನು ಮೇಲೆ ಮುಟ್ಟಿ ನೋಡಿ ಕುಣೀರಿ.”

ಹುಡುಗಿಯ ತುಂಡಿನಲ್ಲಿ ಉಳಿದಿದ್ದದ್ದು ತೊಗರಿಕಾಳಿನಷ್ಟು. ಬೇರೆ ಪರೀಕ್ಷೆಗಳಿಗೂ ಅದರಲ್ಲೇ ಪಾಲು ಬೇಕು. ಅವಳು ಎರಡು ಕೈಗವಸು ಹಾಕಿಕೊಂಡು ಯಂತ್ರದ ಮುಂದೆ ಕೂತಳು. ಉಸಿರು ಕಟ್ಟಿ ಒಂದು ಹೋಳು. ಉಸಿರು ಬಿಟ್ಟು, ಮತ್ತೆ ಕಟ್ಟಿ ಇನ್ನೊಂದು. ಆರೇ ಆರು ತೆಗೆದಳು, ಒಂದನ್ನೂ ಹಾರಿಸಲಿಲ್ಲ. ಪಕ್ಕದಲ್ಲಿ ತನ್ನದೂ ಆರು ಇಟ್ಟಳು. ಬಣ್ಣ ಸುರಿದು ಸ್ಲೈಡಿನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲ ಮಹಡಿಯ ಬೇರೆ ಲ್ಯಾಬಿನ ಪೆಟ್ಟಿಗೆಗೆ ಮೆಟ್ಟಿಲು ಹತ್ತಿಯೇ ಒಯ್ದಳು. ಗಂಡ ಲಿಫ್ಟ್ ರಿಪೇರಿಯವನಾದ್ದರಿಂದ ಲಿಫ್ಟುಗಳ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಹೊಸ ಡಾಕ್ಟರ್ ಮುಂದೆ ಮುಂದೆ ಓಡಿ ಬಾಗಿಲು ತೆರೆಯುತ್ತಾ ಹೋದ.

ಒಂದು ಗಂಟೆ ಇಬ್ಬರೂ ಪೆಟ್ಟಿಗೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. ಅವನು ಏಳು ಸಲ ಗಡಿಯಾರ ನೋಡಿದ. ಅವಳು ಅತ್ತೆಗೆ ಫೋನ್ ಮಾಡಿ ಕಣ್ಣಿಗೆ ಹನಿ ಹಾಕಿಕೊಂಡಿರಾ ಎಂದು ಕೇಳಿದಳು. ಹಾಕಿಕೊಂಡೆ, ಈಗ ಮನೆಯ ಧೂಳೆಲ್ಲ ಚೆನ್ನಾಗಿ ಕಾಣುತ್ತಿದೆ ಎಂದು ಆ ಕಡೆಯಿಂದ ಉತ್ತರ ಬಂತು.

ತಟ್ಟೆ ಹೊರಬಂದಾಗ ಬರಿಗಣ್ಣಿಗೇ ಗೊತ್ತಾಯಿತು. ಎರಡು ಸಾಲೂ ಇಟ್ಟಿಗೆ ಬಣ್ಣ. ಸೂಕ್ಷ್ಮದರ್ಶಕದ ಕೆಳಗೆ ಹುಡುಗಿಯ ಎಳೆಗಳು ಒತ್ತೊತ್ತಾಗಿ, ಚಿಕ್ಕಚಿಕ್ಕದಾಗಿ, ಒಂದೂ ಬಿಡದೆ ಕಂದಾಗಿ ಕೂತಿದ್ದವು. ಹೊಸ ಡಾಕ್ಟರ್ ತನ್ನ ಹಳೆಯ ರಿಪೋರ್ಟನ್ನು ಹರಿದ. ಹರಿದದ್ದು ಸಾಲದು ಎನ್ನಿಸಿ ಚೂರುಗಳನ್ನು ಇನ್ನೊಮ್ಮೆ ಹರಿದ.

“ನಾಲ್ಕನೇದು ಚೆನ್ನಾಗಿದೆ ಅಂತ ಅಷ್ಟೇ ಗೊತ್ತಾಯ್ತು,” ಎಂದರು ದೊಡ್ಡ ಡಾಕ್ಟರ್, ನಗು ತಡೆಯುತ್ತಾ. “ಸಾಲಿನ ಮಿಕ್ಕವನ್ನೂ ನೋಡ್ಬೇಕು.”

ಉಳಿದ ಚೂರಿನಲ್ಲಿ ಅವನ್ನೂ ನೋಡಿದರು. ಅವೂ ಸರಿಯಾಗಿದ್ದವು. ಮೇಲಿನ ವಾರ್ಡಿನ ಡಾಕ್ಟರ್ ಆಗ ಬೇರೆ ದಾರಿ ಹಿಡಿದರು. ಸ್ಕ್ಯಾನಿನಲ್ಲಿ ಇದೇ ಚಿತ್ರ ತೋರಿಸುವ ಇನ್ನೊಂದು ಅಪರೂಪದ ಕಾಯಿಲೆಯಿದೆ. ಅದರಲ್ಲಿ ಕಿಣ್ವಗಳದೇನೂ ತಪ್ಪಿಲ್ಲ. ಒಂದು ವಿಟಮಿನ್ ಮೆದುಳಿನ ಒಳಗೆ ಸರಿಯಾಗಿ ಹೋಗುವುದಿಲ್ಲ, ಅಷ್ಟೇ. ಆ ವಿಟಮಿನ್ನನ್ನೂ ಅದಕ್ಕೆ ಒತ್ತಾಸೆಯಾಗುವ ಇನ್ನೊಂದನ್ನೂ ಹೆಚ್ಚಿನ ಪ್ರಮಾಣದಲ್ಲಿ ಶುರುಮಾಡಿ, ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ಆ ಉತ್ತರ ಬರುವ ಮೊದಲೇ, ಎಂಟನೆಯ ದಿನಕ್ಕೆ, ಹುಡುಗಿ ಗೋಡೆ ಹಿಡಿಯದೆ ಶೌಚಾಲಯದವರೆಗೆ ನಡೆದಳು. ಹೊಸ ಡಾಕ್ಟರ್ ಇದನ್ನು ಹೇಳಲು ನೆಲಮಾಳಿಗೆಗೆ ಎಷ್ಟು ಜೋರಾಗಿ ಓಡಿ ಬಂದನೆಂದರೆ ಅವಳ ಕೈಯ ಹೋಳೊಂದು ಹಾರಿಯೇ ಹೋಯಿತು. ಅವಳು ಬೈಯಲಿಲ್ಲ.

ಈ ಗದ್ದಲದಲ್ಲಿ ‘ನಾರ್ಮಲ್’ ಕೊಳವೆ ಬಹುತೇಕ ಬರಿದಾಗಿತ್ತು. ಅವಳು ಎರಡನೆಯ ತೊಡೆ ಕೊಟ್ಟಳು. ಹೊಸ ತುಂಡಿಗೆ ಬಣ್ಣ ಹಾಕಿದಾಗ ಕಂದು ಎಳೆಗಳ ನಡುವೆ ಅಲ್ಲೊಂದು ಇಲ್ಲೊಂದು ನೀಲಿ ಎಳೆ. ಎರಡನೆಯ ಬಣ್ಣ ಹಾಕಿದರೆ, ಕಿಣ್ವ ಕೈಬಿಟ್ಟ ಎಳೆಗಳು ಹಾಗೆ ನೀಲಿಯಾಗಿ ಎದ್ದು ಕಾಣುತ್ತವೆ. ಹೊಸ ಡಾಕ್ಟರ್ ಗಾಬರಿಯಾದ.

“ಹೆದರ್ಬೇಡಿ,” ಎಂದಳು ಅವಳು. “ವಯಸ್ಸಾದ ಮೇಲೆ ಎಲ್ಲರಿಗೂ ನಾಲ್ಕಾರು ಹೀಗಾಗುತ್ತೆ. ತಲೆಕೂದಲು ಬೆಳ್ಳಗಾದ ಹಾಗೆ. ತಲೆಗಾದ್ರೆ ಡೈ ಹಚ್ಕೋಬೋದು, ತೊಡೆ ಒಳಗೆ ಯಾರು ಹಚ್ತಾರೆ?”

ಮಕ್ಕಳ ಪಕ್ಕದಲ್ಲಿಡಲು ಹರೆಯದವರ ತುಂಡು ಬೇಕೆಂದು ದೊಡ್ಡ ಡಾಕ್ಟರ್ ಹೊಸ ಡಾಕ್ಟರ್ ಕಡೆ ನೋಡಿದರು. ಈ ಸಲ ಯಾರಿಗೂ ಫೋನ್ ಬರಲಿಲ್ಲ; ಅವನೇ ಹೋಗಿ ಮಲಗಿದ.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ಹುಡುಗಿಯೇ ತಾಯಿಯ ಕೈಹಿಡಿದು ನೆಲಮಾಳಿಗೆಗೆ ಬಂದಳು. ನಡಿಗೆಯಲ್ಲಿ ಇನ್ನೂ ಸ್ವಲ್ಪ ಓಲಾಟವಿತ್ತು, ಬಾಯಲ್ಲಿ ಇರಲಿಲ್ಲ.

“ನನ್ನ ಕಾಲಿನ ಚೂರು ನಿಮ್ಮ ಹತ್ರ ಇದೆಯಂತೆ. ತೋರ್ಸಿ.”

ಅಕ್ಕ ಅವಳನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಸ್ಲೈಡ್ ಇಟ್ಟಳು. ಹುಡುಗಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

“ಈ ಪಕ್ಕದ ದೊಡ್ಡ ದೊಡ್ಡ ಕಲ್ಲು ಯಾರದ್ದು?”

“ನಂದು.”

“ನಂದೇ ಚೆನ್ನಾಗಿದೆ,” ಎಂದು ಹುಡುಗಿ ಕೆಳಗಿಳಿದಳು.

ತಾಯಿ ಬಸ್ ನಿಲ್ದಾಣದ ಹಿಂದಿನ ಸಲೂನಿನಲ್ಲಿ ಕೂದಲು ಕತ್ತರಿಸುವ ಕೆಲಸದವಳು. ಕೈಚೀಲದ ಹಿಡಿಯನ್ನು ತಿರುಚುತ್ತಾ, “ಅಕ್ಕ, ನಿಮ್ಮ ಮನೇಲಿ ಯಾರಿಗಾದ್ರೂ ಕೂದಲು ಕತ್ತರಿಸೋದಿದ್ರೆ ಹೇಳಿ. ನನಗೆ ಬರೋದು ಅದೊಂದೇ,” ಎಂದಳು.

ಅಕ್ಕನಿಗೆ ಅತ್ತೆ ನೆನಪಾದರು. ಗದ್ದ ಅದುರತೊಡಗಿದ ಮೇಲೆ ಅವರು ಸಲೂನಿಗೆ ಹೋಗುವುದನ್ನೇ ಬಿಟ್ಟಿದ್ದರು. ಜನ ನೋಡುತ್ತಾರೆಂಬ ಸಂಕೋಚ. ಆದರೆ ಬಾಯಲ್ಲಿ ಮಾತ್ರ, ನನಗೆ ಉದ್ದ ಕೂದಲೇ ಒಪ್ಪುತ್ತದೆ ಎಂಬ ವಾದ.

ಭಾನುವಾರ ತಾಯಿ-ಮಗಳು ಮನೆಗೆ ಬಂದರು. ಕಿಟಕಿಯ ಪಕ್ಕ ಕುರ್ಚಿ ಹಾಕಿ, ಅತ್ತೆಯ ಕೊರಳಿಗೆ ಹಳೆಯ ಬೆಡ್‌ಶೀಟು ಸುತ್ತಿದರು.

“ನೋಡಮ್ಮ, ನನ್ನ ತಲೆ ನನ್ನ ಮಾತು ಕೇಳಲ್ಲ. ಕಿವಿ ಹೋದ್ರೆ ಬೈಬೇಡ ಅಂತ ಮೊದಲೇ ಹೇಳ್ತಿದ್ದೀನಿ,” ಎಂದರು ಅತ್ತೆ.

“ಕಿವಿ ನಿಮ್ಮದು, ನಾನ್ಯಾಕೆ ಬೈಲಿ ಅಜ್ಜಿ? ಎರಡು ವರ್ಷದ ಮಕ್ಕಳ ತಲೆಕೂದಲು ಕತ್ತರಿಸಿರೋ ಕೈ ಇದು. ಅವು ಅದುರಲ್ಲ, ಒದೀತಾವೆ. ನೀವು ಒದೆಯೋದಿಲ್ವಲ್ಲ?”

“ಇನ್ನೂ ಯೋಚನೆ ಮಾಡಿಲ್ಲ.”

ಹುಡುಗಿಯ ತಾಯಿ ಎಡಗೈಯನ್ನು ಅತ್ತೆಯ ಗದ್ದದ ಕೆಳಗೆ ಮೆಲ್ಲಗೆ ಆನಿಸಿದಳು. ಅದುರು ಅವಳ ಅಂಗೈಗೆ ಇಳಿಯಿತು. ಕತ್ತರಿ ಕಚಕಚ ಓಡಿತು. ಅಕ್ಕ ಬಾಗಿಲಲ್ಲಿ ನಿಂತು ಆ ಕೈಗಳನ್ನೇ ನೋಡುತ್ತಿದ್ದಳು. ಒಳ್ಳೆಯ ಕತ್ತರಿಸುವ ಕೈ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಹುಡುಗಿ ನೆಲದ ಹಳದಿ ಗೆರೆಗಳ ಮೇಲೆ ಒಂದೊಂದೇ ಹೆಜ್ಜೆ ಹಾಕುತ್ತಾ ಅಡುಗೆಮನೆಯವರೆಗೂ ಹೋಗಿ ಬಂದಳು.

“ಅಜ್ಜಿ, ಈ ಆಟ ಹೇಗೆ ಆಡೋದು?”

“ಆಟ ಅಲ್ಲ ಕಣೇ, ನನ್ನ ರಸ್ತೆ ಅದು. ಗೆರೆ ತುಳಿದ್ರೆ ದಂಡ. ತಾಳು, ಈ ತಲೆ ಮುಗೀಲಿ, ಬರ್ತೀನಿ.”

ಕೂದಲು ಕಿವಿಯ ಮಟ್ಟಕ್ಕೆ ಬಂದಿತ್ತು. ಹೊಸ ಕಣ್ಣಿನಿಂದ ಕನ್ನಡಿ ನೋಡಿಕೊಂಡು ಅತ್ತೆ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. “ಹತ್ತು ವರ್ಷ ಕಮ್ಮಿಯಾಯ್ತು,” ಎಂದರು. ಅಕ್ಕ ಪೊರಕೆ ತಂದು ಕೂದಲು ಗುಡಿಸಿದಳು, ಗಂಡ ಐದು ಲೋಟ ಟೀ ತಂದಿಟ್ಟ. ಟೀ ಆರುತ್ತಿದ್ದರೂ ಅದನ್ನು ಮುಟ್ಟದೆ, ಅತ್ತೆ ಮತ್ತು ಹುಡುಗಿ ಹಜಾರದ ಆ ತುದಿಯಲ್ಲಿ ಅಕ್ಕಪಕ್ಕ ನಿಂತು, ಒಂದು, ಎರಡು ಎಂದು ಜೋರಾಗಿ ಎಣಿಸುತ್ತಾ ಹೊರಟರು. ಮೂರನೆಯ ಗೆರೆಯಲ್ಲಿ ಹುಡುಗಿ ಓಲಿದಳು, ನಾಲ್ಕನೆಯದರಲ್ಲಿ ಅತ್ತೆ ನಿಂತುಬಿಟ್ಟರು. ನೀನು ಮೋಸ ಮಾಡಿದೆ, ನೀವು ಮೋಸ ಮಾಡಿದಿರಿ ಎಂದು ಇಬ್ಬರೂ ಜಗಳವಾಡಿ, ಮತ್ತೆ ಮೊದಲಿನಿಂದ ಶುರುಮಾಡಿದರು.